ಬೆಂಗಾಡಿನ ಹಾದಿಯಲ್ಲಿ ಬೈಸಿಕಲ್ಲು

ವೈಶಾಖ ಕಾಲಿಟ್ಟಿತೆಂದರೆ ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ಹಗಲು ಹನ್ನೊಂದರ ಮೇಲೆ ಮನುಷ್ಯರ ಸುಳಿವು ವಿರಳ. ಹಗರಿಬೊಮ್ಮನಹಳ್ಳಿಯ ಸುತ್ತಿನ ಎರೆಹೊಲಗಳು ಬಾಯ್ದೆರೆದು ಬಿರಿದಿರುತ್ತವೆ. ಹರಪನಹಳ್ಳಿಯ ಕಡೆಯ ಗುಡ್ಡಗಳಲ್ಲಿ ಕಾದ ಬಂಡೆ ಸಂಜೆಯಾದರೂ ಕೈಯಿಡಗೊಡುವುದಿಲ್ಲ. ಪಕ್ಕದಲ್ಲಿಯೇ ತುಂಗಭದ್ರೆ ಇದ್ದರೂ ಹಡಗಲಿಯ ಬಿಸಿಗಾಳಿಗೆ ಅದರ ಅರಿವೇ ಇಲ್ಲ. ಅಂಥ ಮಧ್ಯಾಹ್ನದಲ್ಲಿ, ಕ್ಯಾರಿಯರಿಗೆ ಹಾಲಿನ ಕ್ಯಾನು ಬಿಗಿದುಕೊಂಡು ಬರುವ ಸೈಕಲ್ ಸವಾರನು ಬೇವಿನ ಮರದಡಿಯ ಅರವಟ್ಟಿಗೆಯನ್ನು ಕಂಡೊಡನೆ ಇಳಿಯುತ್ತಾನೆ. ಹರವಿಯಿಂದ ಎರಡು ಲೋಟ ನೀರು ಕುಡಿದು, ಮೂರನೆಯದನ್ನು ಟವೆಲಿಗೆ ಸುರಿದು, ಅದನ್ನು ತಲೆಗೆ ಸುತ್ತಿಕೊಂಡು ಮತ್ತೆ ಪೆಡಲು ತುಳಿಯುತ್ತಾನೆ. ಆ ನೀರನ್ನು ಇಟ್ಟವರು ಯಾರೆಂದು ಅವನು ಕೇಳುವುದಿಲ್ಲ. ಕೇಳುವ ವಾಡಿಕೆಯೂ ಇಲ್ಲ.

ಆತನ ಪಯಣ ಹದಿನೈದು ಇಪ್ಪತ್ತು ಕಿಲೋಮೀಟರಿನದು. ಆದರೆ ಇದೇ ದಾರಿ ಇಪ್ಪತ್ತರ ಬದಲು ಎರಡು ಸಾವಿರ ಕಿಲೋಮೀಟರು ಚಾಚಿಕೊಂಡಿದ್ದರೆ? ಬೇವಿನ ಮರವೂ ಇಲ್ಲ, ಊರೂ ಇಲ್ಲ, ಮುಂದಿನ ಬಾವಿ ಮೂರು ದಿನದ ದೂರದಲ್ಲಿದೆ ಎಂದರೆ? ಅಂಥ ದಾರಿಯನ್ನೇ ಅರಸಿಕೊಂಡು, ಯಾರ ಬಲವಂತವೂ ಇಲ್ಲದೆ, ಎರಡು ಗಾಲಿಗಳನ್ನು ನಂಬಿ ಆಫ್ರಿಕಾ ಖಂಡದ ಬೆಂಗಾಡಿಗೆ ಹೊರಟವರುಂಟು. ಅವರ ಕಥೆಯನ್ನು ಕೊಟ್ಟೂರಿನ ಸೀಮೆಯವರು ಓದಿದರೆ, ದೂರದ ದೇಶದ ಕಥೆಯಲ್ಲಿ ಊರ ಪಕ್ಕದ ನೆರಳೊಂದು ಕಾಣಿಸದೆ ಇರದು.

ಮುಂಬಯಿಯಿಂದ ಹೊರಟವರು

ಸೈಕಲ್ಲಿನ ಮೇಲೆ ಜಗತ್ತನ್ನು ಸುತ್ತುವ ಹುಚ್ಚು ಪಾಶ್ಚಾತ್ಯರಿಗೆ ಮಾತ್ರ ಹಿಡಿದದ್ದೆಂದು ತಿಳಿಯಬಾರದು. ೧೯೨೩ರ ಅಕ್ಟೋಬರ್ ೧೫ರಂದು ಮುಂಬಯಿಯಿಂದ ಆರು ಮಂದಿ ಪಾರಸಿ ತರುಣರು ವಿಶ್ವಸಂಚಾರಕ್ಕೆ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು ಮಾತ್ರ ಪಯಣವನ್ನು ಪೂರೈಸಿ, ೧೯೨೮ರ ಮಾರ್ಚ್ ೧೮ರಂದು ಊರಿಗೆ ಮರಳಿದರು. ಅವರು ಕ್ರಮಿಸಿದ ದೂರ ಸುಮಾರು ೭೧,೦೦೦ ಕಿಲೋಮೀಟರು. ಬಾಗ್ದಾದಿನಿಂದ ಅಲೆಪ್ಪೊ ನಗರದವರೆಗಿನ ಮರಳುಗಾಡನ್ನು ದಾಟುವಾಗ ನಾಲಗೆಯೊಣಗಿ, ಮರಳಿನ ಬಿರುಗಾಳಿಗೆ ಸಿಕ್ಕಿ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ.

ಆದರೆ ಸಹಾರಾದ ಕಡೆಗೆ ಗಾಲಿ ತಿರುಗಿಸಿದವನು ಬೇರೊಬ್ಬ. ಫ್ರಾಮರೋಜ್ ದಾವರ್ ಎಂಬ ಮುಂಬಯಿಯ ಕ್ರೀಡಾಪತ್ರಕರ್ತನು ೧೯೨೪ರಲ್ಲಿ ಒಬ್ಬನೇ ಹೊರಟು ವಿಯೆನ್ನಾ ನಗರವನ್ನು ತಲುಪಿದನು. ಅಲ್ಲಿ ಗುಸ್ತಾವ್ ಸ್ಟಾವ್ಯಾನಿಕ್ ಎಂಬ ಜೊತೆಗಾರನು ದೊರೆತನು. ಒಬ್ಬರ ಮಾತೃಭಾಷೆ ಇನ್ನೊಬ್ಬರಿಗೆ ಬಾರದ ಈ ಇಬ್ಬರು ಸೇರಿ ಯೂರೋಪನ್ನು ಸುತ್ತಿ, ಸಹಾರಾವನ್ನು ದಾಟಿ, ಪಶ್ಚಿಮ ಆಫ್ರಿಕಾದ ಕಾಡುಗಳನ್ನು ಹೊಕ್ಕು, ಅಲ್ಲಿಂದ ಕಡಲು ದಾಟಿ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳನ್ನೂ ಅಮೆಜಾನಿನ ಅರಣ್ಯವನ್ನೂ ಕಂಡರು. ಏಳು ವರ್ಷ, ಐವತ್ತೆರಡು ದೇಶ, ಸುಮಾರು ೧,೧೦,೦೦೦ ಕಿಲೋಮೀಟರು ಎಂಬುದು ಆ ಸಂಚಾರದ ಲೆಕ್ಕ. ಗುಡ್ಡದ ಇಳಿಜಾರಿನಲ್ಲಿ ಕಾಲು ಬಿಟ್ಟು ಸೈಕಲ್ ಓಡಿಸುವುದನ್ನೇ ಸಾಹಸವೆಂದುಕೊಂಡ ಹುಡುಗರು ಈ ಅಂಕಿಗಳನ್ನು ಒಮ್ಮೆ ಬಾಯಿಪಾಠ ಮಾಡಬೇಕು.

ಸಹಾರಾ ಎಂದೊಡನೆ ಕಣ್ಣಿಗೆ ಬರುವುದು ಮರಳಿನ ದಿಣ್ಣೆ. ವಾಸ್ತವದಲ್ಲಿ ಆ ಬೆಂಗಾಡಿನ ನಾಲ್ಕರಲ್ಲಿ ಒಂದು ಪಾಲು ಮಾತ್ರ ಮರಳು. ಉಳಿದದ್ದು ಕಲ್ಲು, ಗರಸು, ಬರಿ ಬಂಡೆಯ ಬಯಲು. ವಿಸ್ತಾರವೋ, ತೊಂಬತ್ತು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಇಡೀ ಭಾರತವನ್ನು ಎತ್ತಿ ಅದರೊಳಗಿಟ್ಟರೆ ಇನ್ನೂ ಎರಡು ಭಾರತಗಳಿಗೆ ಹತ್ತಿರಹತ್ತಿರ ಸ್ಥಳ ಉಳಿದೀತು. ಬೇಸಗೆಯ ಹಗಲಿನಲ್ಲಿ ನಲವತ್ತೈದು ಡಿಗ್ರಿ ದಾಟುವ ಕಾವು. ಚಳಿಗಾಲದ ರಾತ್ರಿಯಲ್ಲಿ ಕಂಬಳಿ ಸಾಲದ ಕೊರೆತ.

ಪೋಲೆಂಡಿನ ಗುಮಾಸ್ತ

ಆಫ್ರಿಕಾದ ಸೈಕಲ್ ಪಯಣಿಗರಲ್ಲಿ ಅಗ್ರಗಣ್ಯನೆನ್ನಬಹುದಾದ ಕಜಿಮಿಯೆಶ್ ನೊವಾಕ್ ಹಣವಂತನೂ ಅಲ್ಲ, ಹೆಸರಾಂತ ಕ್ರೀಡಾಪಟುವೂ ಅಲ್ಲ. ೧೮೯೭ರಲ್ಲಿ ಹುಟ್ಟಿದ ಈತನು ಪೋಲೆಂಡಿನ ಪೊಜ್ನಾನ್ ನಗರದಲ್ಲಿ ವಿಮಾ ಕಚೇರಿಯ ಗುಮಾಸ್ತನಾಗಿದ್ದನು. ಮನೆಯಲ್ಲಿ ಹೆಂಡತಿ ಮಾರಿಯಾ, ಇಬ್ಬರು ಮಕ್ಕಳು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಕೆಲಸವಿಲ್ಲದೆ ಕೈ ಬರಿದಾಯಿತು. ಊರಲ್ಲಿ ಕುಳಿತು ಉಪವಾಸವಿರುವುದಕ್ಕಿಂತ ದೂರದ ದೇಶಗಳನ್ನು ಕಂಡು, ಚಿತ್ರ ತೆಗೆದು, ಪತ್ರಿಕೆಗಳಿಗೆ ಬರೆದು ಸಂಸಾರವನ್ನು ಸಾಕುವೆನೆಂದು ಅವನು ನಿಶ್ಚಯಿಸಿದನು.

೧೯೩೧ರ ನವೆಂಬರಿನಲ್ಲಿ ಹಳೆಯ ಸೈಕಲ್ಲೊಂದರೊಡನೆ ಟ್ರಿಪೊಲಿಯಲ್ಲಿ ಇಳಿದನು. ಲಿಬಿಯಾ ಆಗ ಇಟಲಿಯ ಆಳ್ವಿಕೆಯಲ್ಲಿತ್ತು. ಆ ಆಳ್ವಿಕೆಯ ವಿರುದ್ಧ ಹೋರಾಡಿದ ವೃದ್ಧ ಮುಂದಾಳು ಉಮರ್ ಮುಖ್ತಾರನನ್ನು ಗಲ್ಲಿಗೇರಿಸಿ ಎರಡು ತಿಂಗಳಾಗಿತ್ತಷ್ಟೆ. ಬಿಳಿಯ ಮುಖವನ್ನು ಕಂಡರೆ ಜನ ಸಂಶಯಪಡಬೇಕಾದ ಕಾಲ ಅದು. ಅಂಥ ನಾಡಿನಲ್ಲಿ, ಕಾವಲಿಲ್ಲದೆ, ಕೋವಿಯ ಬಲಕ್ಕಿಂತ ಒಳ್ಳೆಯ ಮಾತಿನ ಬಲವನ್ನೇ ಹೆಚ್ಚಾಗಿ ನಂಬಿ ನೊವಾಕ್ ಮುಂದುವರಿದನು. ಈಜಿಪ್ಟ್, ಸುಡಾನ್, ಕಾಂಗೊ, ಮಧ್ಯ ಆಫ್ರಿಕಾದ ದೊಡ್ಡ ಸರೋವರಗಳ ನಾಡು ಇವುಗಳನ್ನು ಹಾದು ೧೯೩೪ರಲ್ಲಿ ಖಂಡದ ದಕ್ಷಿಣದ ತುತ್ತತುದಿಯಾದ ಅಗುಲ್ಹಾಸ್ ಭೂಶಿರವನ್ನು ಮುಟ್ಟಿದನು.

ಅಲ್ಲಿಗೆ ನಿಂತಿದ್ದರೂ ಅವನ ಹೆಸರು ಉಳಿಯುತ್ತಿತ್ತು. ಆದರೆ ಅವನು ಬೇರೊಂದು ದಾರಿ ಹಿಡಿದು ಮತ್ತೆ ಉತ್ತರಕ್ಕೆ ಹೊರಟನು. ಸೈಕಲ್ಲು ಕೈಕೊಟ್ಟಲ್ಲಿ ಕುದುರೆಯೇರಿದನು. ನದಿಗಳಲ್ಲಿ ದೋಣಿ ಹುಟ್ಟು ಹಾಕಿದನು. ಎಷ್ಟೋ ಹಾದಿಯನ್ನು ಬರಿಗಾಲಿಗಿಂತ ಸ್ವಲ್ಪ ಮೇಲಾದ ಬೂಟಿನಲ್ಲಿ ನಡೆದನು. ಮರಳಿ ಸಹಾರಾವನ್ನು ದಾಟುವಾಗ ಒಂಟೆಯ ಬೆನ್ನನ್ನು ಆಶ್ರಯಿಸಿದನು. ೧೯೩೬ರ ನವೆಂಬರಿನಲ್ಲಿ ಅಲ್ಜಿಯರ್ಸ್ ಬಂದರಿಗೆ ಬಂದಾಗ ಐದು ವರ್ಷ ಕಳೆದು, ಒಟ್ಟು ಸುಮಾರು ೪೦,೦೦೦ ಕಿಲೋಮೀಟರು ಸಂದಿತ್ತು.

ಅಷ್ಟು ದೂರವನ್ನು ಗೆದ್ದ ದೇಹ ಮನೆಗೆ ಬಂದು ಸೋತಿತು. ಮತ್ತೆ ಮತ್ತೆ ಕಾಡಿದ ಮಲೇರಿಯಾದಿಂದ ಜರ್ಜರಿತನಾಗಿದ್ದ ನೊವಾಕ್, ಮರಳಿದ ಒಂದು ವರ್ಷದೊಳಗೆ, ೧೯೩೭ರ ಅಕ್ಟೋಬರ್ ೧೩ರಂದು ನ್ಯುಮೋನಿಯಾದಿಂದ ತೀರಿಕೊಂಡನು. ವಯಸ್ಸು ನಲವತ್ತು. ಐದು ವರ್ಷ ಗಂಡನ ಕಾಗದಗಳ ದಾರಿ ಕಾಯುತ್ತ ಎರಡು ಮಕ್ಕಳನ್ನು ಸಾಕಿದ ಹೆಂಡತಿಗೆ ಅವನೊಡನೆ ಕಳೆಯಲು ದೊರೆತದ್ದು ಒಂದು ವರ್ಷವೂ ಅಲ್ಲ. ಸಾಹಸದ ಬೆಲೆಯನ್ನು ಹೇಳುವಾಗ ಹೋದವನ ಕಷ್ಟದೊಡನೆ ಉಳಿದವಳ ಕಷ್ಟವನ್ನೂ ಕೂಡಿಸಬೇಕು.

ದಶಕಗಳ ಕಾಲ ಜನ ಅವನನ್ನು ಮರೆತರು. ೨೦೦೦ದಲ್ಲಿ ಅವನ ಬರಹಗಳು ಪುಸ್ತಕವಾಗಿ ಬಂದ ಮೇಲೆ ಪೋಲೆಂಡಿನ ತರುಣರಿಗೆ ಅವನ ನೆನಪು ಮರುಕಳಿಸಿತು. ೨೦೦೯ರಿಂದ ೨೦೧೧ರವರೆಗೆ ಅವರು ತಂಡತಂಡವಾಗಿ, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಆರಂಭಿಸುತ್ತ, ಅವನ ಜಾಡಿನಲ್ಲಿ ಇಡೀ ಆಫ್ರಿಕಾವನ್ನು ಸುತ್ತಿ ಬಂದರು.

ನೀರಿನ ಲೆಕ್ಕ

ಬೆಂಗಾಡಿನ ಪಯಣದಲ್ಲಿ ಕಾಲಿನ ಶಕ್ತಿಗಿಂತ ಮೊದಲು ಬೇಕಾದದ್ದು ಲೆಕ್ಕ. ಬಿಸಿಲಿನಲ್ಲಿ ಸೈಕಲ್ ತುಳಿಯುವ ಮನುಷ್ಯನ ಮೈಯಿಂದ ಗಂಟೆಗೆ ಒಂದು ಲೀಟರು, ಕೆಲವೊಮ್ಮೆ ಅದಕ್ಕೂ ಹೆಚ್ಚು ನೀರು ಬೆವರಾಗಿ ಹೋಗುತ್ತದೆ. ಕರಾವಳಿಯಲ್ಲಾದರೆ ಬೆವರು ಧಾರೆಯಾಗಿ ಇಳಿದು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಒಣಗಾಳಿಯಲ್ಲಿ ಅದು ಮೂಡುವ ಮೊದಲೇ ಆರುವುದರಿಂದ ತಾನು ಬತ್ತುತ್ತಿರುವುದು ಸವಾರನಿಗೇ ತಿಳಿಯದು. ಸಂಜೆ ಅಂಗಿಯ ಬೆನ್ನಿನ ಮೇಲೆ ಬಿಳಿಯ ಉಪ್ಪಿನ ಗೆರೆಗಳನ್ನು ಕಂಡಾಗಲೇ ಅರಿವು. ಹೀಗೆ ಹೋದ ಉಪ್ಪನ್ನು ತುಂಬಿಕೊಳ್ಳದೆ ಬರಿ ನೀರನ್ನೇ ಹೊಟ್ಟೆಬಿರಿಯ ಕುಡಿದರೆ ರಕ್ತದಲ್ಲಿನ ಉಪ್ಪಿನಂಶ ಇಳಿದು ತಲೆ ತಿರುಗೀತು, ಪ್ರಾಣಕ್ಕೂ ಅಪಾಯವಾದೀತು. ಹೊಲಕ್ಕೆ ಹೋಗುವವರಿಗೆ ಉಪ್ಪು ಬೆರೆಸಿದ ಮಜ್ಜಿಗೆಯನ್ನೋ ಅಂಬಲಿಯನ್ನೋ ಕೊಟ್ಟು ಕಳಿಸುವ ಹಡಗಲಿ ಕಡೆಯ ಮನೆಗಳಲ್ಲಿ ಈ ವಿದ್ಯೆ ಹೊಸದಲ್ಲ.

ಇನ್ನು ಭಾರ. ಒಂದು ಲೀಟರು ನೀರೆಂದರೆ ಒಂದು ಕಿಲೋ. ದಿನಕ್ಕೆ ಎಂಟು ಲೀಟರೆಂದು ಬಿಗಿಹಿಡಿದು ಲೆಕ್ಕ ಹಾಕಿದರೂ ಆರು ದಿನಕ್ಕೆ ನಲವತ್ತೆಂಟು ಕಿಲೋ. ಅದರ ಮೇಲೆ ಆಹಾರ, ಹಾಸಿಗೆ, ಹತ್ಯಾರು. ಅಷ್ಟನ್ನು ಹೇರಿದ ಸೈಕಲ್ಲು ಮರಳಿನಲ್ಲಿ ಒಂದು ಗೇಣೂ ಉರುಳದು, ಇಳಿದು ತಳ್ಳಬೇಕು. ತಳ್ಳಿದರೆ ನಡಿಗೆ ನಿಧಾನವಾಗಿ ದಿನಗಳು ಹೆಚ್ಚುತ್ತವೆ. ದಿನಗಳು ಹೆಚ್ಚಿದರೆ ನೀರು ಇನ್ನೂ ಹೆಚ್ಚು ಬೇಕು. ಈ ಲೆಕ್ಕಕ್ಕೆ ಕೊನೆಯೇ ಇಲ್ಲ. ಎಂಥ ಗಟ್ಟಿಗನೇ ಆಗಲಿ, ತನ್ನ ಬೆನ್ನಿನ ನೀರನ್ನೇ ನಂಬಿ ದೊಡ್ಡ ಮರಳುಗಾಡನ್ನು ದಾಟಲಾರ. ಯಾರೋ ತೋಡಿದ ಬಾವಿ, ಯಾರೋ ಇಟ್ಟ ಕೊಡ, ಯಾರೋ ನಿಲ್ಲಿಸಿ ನೀಡಿದ ಲೋಟ ಇವುಗಳಿಂದಲೇ ಆ ದಾರಿ ದಾರಿಯಾಗುವುದು.

ಉಳಿದ ಉಪಾಯಗಳನ್ನು ಅನುಭವ ಕಲಿಸುತ್ತದೆ. ನಸುಕಿನಲ್ಲಿ ಹೊರಟು, ಹತ್ತು ಹನ್ನೊಂದಕ್ಕೆಲ್ಲ ನೆರಳು ಹಿಡಿದು, ನಾಲ್ಕರ ಮೇಲೆ ಮತ್ತೆ ಹೊರಡುವುದು ಮೊದಲನೆಯದು. ಮರಳಿನಲ್ಲಿ ಟ್ಯೂಬಿನ ಗಾಳಿಯನ್ನು ಇಳಿಸಿದರೆ ಟೈರು ಅಗಲವಾಗಿ ಕುಳಿತು ಕಡಿಮೆ ಹೂಳುತ್ತದೆ. ಚೈನಿಗೆ ಧಾರಾಳವಾಗಿ ಎಣ್ಣೆ ಹಾಕಿದರೆ ಮರಳು ಅಂಟಿ ಅದು ಅರಗಲ್ಲಾಗುವುದರಿಂದ, ಎಣ್ಣೆಯನ್ನು ಒರೆಸಿ ತೆಗೆಯಬೇಕು. ಪಂಕ್ಚರಿನ ಸೊಲ್ಯೂಷನ್ ಟ್ಯೂಬು ಒಮ್ಮೆ ತೆರೆದರೆ ಬಿಸಿಲಿಗೆ ಒಣಗಿಹೋಗುವುದರಿಂದ, ಒಡೆಯದ ಇನ್ನೊಂದು ಸದಾ ಚೀಲದಲ್ಲಿರಬೇಕು.

ಅದೇ ಮುಳ್ಳು, ಅದೇ ಜೋಳ

ಪಂಕ್ಚರ್ ಎಂದೊಡನೆ ಮುಳ್ಳಿನ ಮಾತು ಬರುತ್ತದೆ. ಕೂಡ್ಲಿಗಿಯ ಬೀಳುಗಳಲ್ಲಿ ನೆಲಕ್ಕೆ ಹರಡಿ, ಹಳದಿಯ ಸಣ್ಣ ಹೂ ಬಿಟ್ಟು, ದನಗಾಹಿಗಳ ಅಂಗಾಲಿಗೆ ಚುಚ್ಚುವ ನೆಗ್ಗಿಲು ಆಫ್ರಿಕಾದ ಒಣನೆಲಗಳಲ್ಲಿಯೂ ಸಮೃದ್ಧವಾಗಿದೆ. ಯಾವ ಕಡೆಯಿಂದ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುವ ಅದರ ಕಾಯಿ ಸೈಕಲ್ ಟೈರಿನ ಹುಟ್ಟು ಶತ್ರು. ಕೆರೆಯಂಗಳದ ಕರಿಜಾಲಿಗೆ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರಿನಲ್ಲಿಯೇ ನೈಲ್ ನದಿಯಿದೆ. ‘ನಿಲೋಟಿಕಾ’ ಎಂದರೆ ನೈಲಿನದು ಎಂದರ್ಥ. ಎಲ್ಲಕ್ಕಿಂತ ಸೋಜಿಗವೆಂದರೆ ಬಳ್ಳಾರಿ ಜಾಲಿಯ ಕಥೆ. ಹೆಸರು ಬಳ್ಳಾರಿಯದಾದರೂ ಅದರ ತವರು ಅಮೆರಿಕ. ಮರಳನ್ನು ತಡೆಯಲೆಂದು ೧೯೧೭ರಲ್ಲಿ ಅದನ್ನು ಸುಡಾನಿಗೆ ಒಯ್ದು ನೆಟ್ಟರು. ಈ ಜಿಲ್ಲೆಯ ರೈತನನ್ನು ಕಾಡಿದಂತೆಯೇ ಅದು ಅಲ್ಲಿನ ರೈತನನ್ನೂ ಕಾಡಿತು. ಹಗರಿಬೊಮ್ಮನಹಳ್ಳಿಯ ಸೈಕಲ್ ಶಾಪಿನಲ್ಲಿ ಟ್ಯೂಬಿನಿಂದ ಕೀಳುವ ಮುಳ್ಳೂ, ನೈಲ್ ತೀರದಲ್ಲಿ ಪಯಣಿಗನು ಕೀಳುವ ಮುಳ್ಳೂ ಒಂದೇ ಜಾತಿಯದಾಗಿರಲು ಸಾಕು.

ಮುಳ್ಳಿನಂತೆ ಅನ್ನವೂ ಪರಿಚಿತ. ಈ ಸೀಮೆಯವರು ರೊಟ್ಟಿ ಬಡಿಯುವ ಜೋಳದ ಮೂಲನೆಲ ಸುಡಾನಿನ ಸುತ್ತಿನ ಆಫ್ರಿಕಾದ ಹುಲ್ಲುಗಾವಲು ಎಂದು ವಿದ್ವಾಂಸರು ಕಂಡುಕೊಂಡಿದ್ದಾರೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದ ಧಾನ್ಯ ಇಲ್ಲಿ ಮನೆಯ ಮಗಳಾಯಿತು. ಸುಡಾನಿನ ಹೆಂಗಸರು ಜೋಳದ ಹಿಟ್ಟನ್ನು ಹುಳಿಬರಿಸಿ, ಕಾದ ಹಂಚಿನ ಮೇಲೆ ಎಳೆದು ‘ಕಿಸ್ರಾ’ ಎಂಬ ತೆಳ್ಳನೆಯ ದೋಸೆ ಮಾಡುತ್ತಾರೆ. ಗಟ್ಟಿಯಾಗಿ ಕೂಡಿಸಿ ‘ಅಸೀದಾ’ ಎಂಬ ಮುದ್ದೆ ತೊಳೆಸುತ್ತಾರೆ. ದಣಿದು ಬಂದ ಸೈಕಲ್ ಸವಾರನ ಮುಂದೆ ತಟ್ಟೆಯಿಟ್ಟು ಅವರು ಹೇಳುವ ಮಾತು ‘ತಫದ್ದಲ್’. ಕೊಟ್ಟೂರಿನ ಭಾಷೆಯಲ್ಲಿ ಹೇಳುವುದಾದರೆ, ‘ಬರ್ರೀ, ಉಂಡು ಹೋಗ್ರಿ’.

ನಂಬರಿನ ನಿಲ್ದಾಣಗಳು

ಈಜಿಪ್ಟಿನಿಂದ ಸುಡಾನಿಗೆ ಕಾಲಿಟ್ಟೊಡನೆ ಎದುರಾಗುವುದು ನುಬಿಯಾದ ಮರುಭೂಮಿ. ಇಲ್ಲಿ ನೈಲ್ ನದಿ ದೊಡ್ಡ ಬಳಸು ಹಾಕಿ ಹರಿಯುತ್ತದೆ. ಆ ಬಳಸನ್ನು ತಪ್ಪಿಸಿ ತನ್ನ ಸೈನ್ಯವನ್ನು ನೇರ ಒಯ್ಯಲು ಇಂಗ್ಲಿಷ್ ಸೇನಾನಿ ಕಿಚನರ್ ೧೮೯೭ರಲ್ಲಿ ವಾದಿ ಹಾಲ್ಫಾದಿಂದ ಅಬು ಹಮೆದ್‌ವರೆಗೆ ಸುಮಾರು ೩೭೦ ಕಿಲೋಮೀಟರು ರೈಲು ಹಳಿ ಹಾಕಿಸಿದನು. ನಡುವೆ ಊರೇ ಇಲ್ಲದ್ದರಿಂದ ನಿಲ್ದಾಣಗಳಿಗೆ ಇಡಲು ಹೆಸರೂ ಇರಲಿಲ್ಲ. ಒಂದು, ಎರಡು, ಮೂರು ಎಂದು ನಂಬರು ಹಾಕಿದರು. ತೋಡಿದಲ್ಲಿ ನೀರು ಸಿಕ್ಕಿದ್ದು ನಾಲ್ಕನೆಯ ಮತ್ತು ಆರನೆಯ ನಿಲ್ದಾಣಗಳ ಬಳಿ ಮಾತ್ರ.

ಡಾಂಬರು ರಸ್ತೆಯಿಲ್ಲದ ಕಾಲದಲ್ಲಿ ಸೈಕಲ್ ಪಯಣಿಗರಿಗೆ ಈ ಹಳಿಯೇ ದಿಕ್ಸೂಚಿ. ಹಳಿಯ ಪಕ್ಕದ ಮರಳಿನಲ್ಲಿ ಒಂದಷ್ಟು ತುಳಿದು, ಹೆಚ್ಚು ಪಾಲು ತಳ್ಳಿ, ಒಂದೊಂದು ನಂಬರಿನ ನಿಲ್ದಾಣವನ್ನೂ ದಿನದ ಗುರಿಯೆಂದು ಎಣಿಸಿ ಸಾಗಿದರು. ಸಂಸಾರವನ್ನು ದೂರದಲ್ಲಿ ಬಿಟ್ಟು, ರೈಲು ತಂದ ನೀರಿನಲ್ಲಿ ಬದುಕುವ ನಿಲ್ದಾಣದ ನೌಕರನಿಗೆ ಒಂದೊಂದು ಕೊಡವೂ ಬೆಲೆಯುಳ್ಳದ್ದು. ಆದರೂ ಬಂದವನ ಸೀಸೆಗಳನ್ನು ತುಂಬಿ ಕಳಿಸುವುದು ಅಲ್ಲಿನ ನಡತೆ.

ರಸ್ತೆಗಳ ಬದಿಯಲ್ಲಿ ಇನ್ನೊಂದು ನೋಟ ಉಂಟು. ಚಪ್ಪರದ ಅಥವಾ ಮರದ ನೆರಳಿನಲ್ಲಿ ಅಡ್ಡಣಿಗೆಯ ಮೇಲೆ ಸಾಲಾಗಿ ದೊಡ್ಡ ಮಣ್ಣಿನ ಹರವಿಗಳು, ಮೇಲೊಂದು ಮುಚ್ಚಳ, ಪಕ್ಕದಲ್ಲಿ ಒಂದು ತಗಡಿನ ಲೋಟ. ಹರವಿಗೆ ಅಲ್ಲಿ ‘ಜೀರ್’ ಎಂಬ ಹೆಸರು. ಹಾದಿಹೋಕರಿಗೆಂದೇ ಇಟ್ಟ ನೀರು ಅದು. ಸತ್ತ ಹಿರಿಯರ ಪುಣ್ಯಾರ್ಥವಾಗಿ ಇಡುವವರೂ ಬಹಳ. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಒಣಗಾಳಿಗೆ ಆರುತ್ತ ಒಳಗಿನ ನೀರಿನ ಕಾವನ್ನು ಹೀರುತ್ತದೆ. ಗಾಳಿ ಒಣಗಿದಷ್ಟೂ ನೀರು ತಂಪು. ಮನುಷ್ಯನು ಬೆವರಿ ತಣಿಯುವಂತೆ ಹರವಿಯೂ ಬೆವರಿ ತಣಿಯುತ್ತದೆ. ಈ ವಿದ್ಯೆಯೂ ಈ ಧರ್ಮವೂ ಕನ್ನಡನಾಡಿಗೆ ಹಳೆಯವು. ‘ಅರವಂಟಿಗೆ’ಯ ಹೆಸರು ಹಳೆಯ ಶಾಸನಗಳಲ್ಲಿಯೇ ಉಂಟು.

ಈಚಿನ ದಿನಗಳು

ಕಾಲ ಬದಲಾದಂತೆ ಪಯಣದ ರೀತಿಯೂ ಬದಲಾಯಿತು. ೨೦೦೩ರಲ್ಲಿ ‘ಟೂರ್ ದಾಫ್ರಿಕ್’ ಎಂಬ ಹೆಸರಿನಲ್ಲಿ ಕೈರೋದಿಂದ ಕೇಪ್‌ಟೌನಿನವರೆಗೆ ಸುಮಾರು ೧೨,೦೦೦ ಕಿಲೋಮೀಟರಿನ ಸಾಮೂಹಿಕ ಸೈಕಲ್ ಯಾತ್ರೆ ಆರಂಭವಾಯಿತು. ಸಾಮಾನು ಹೊರಲು ಲಾರಿ ಜೊತೆಗಿದ್ದು, ನಾಲ್ಕು ತಿಂಗಳ ಪಯಣ. ೨೦೧೫ರಲ್ಲಿ ಸ್ಕಾಟ್ಲೆಂಡಿನ ಮಾರ್ಕ್ ಬೋಮಾಂಟ್ ಕೈರೋದಿಂದ ಕೇಪ್‌ಟೌನಿಗೆ ೪೨ ದಿನ ೮ ಗಂಟೆಗಳಲ್ಲಿ ಹೋಗಿ ಜಗತ್ತನ್ನು ಬೆರಗುಗೊಳಿಸಿದನು. ನೈಲ್ ತೀರದಲ್ಲಿ ಡಾಂಬರು ರಸ್ತೆ ಬಂದ ಮೇಲೆ ನಂಬರಿನ ನಿಲ್ದಾಣಗಳ ಹಂಗೂ ತಪ್ಪಿತ್ತು. ಮರುಭೂಮಿ ಸಣ್ಣದಾಯಿತೆಂದು ಜನ ಎಣಿಸಿದರು.

ಅಷ್ಟರಲ್ಲಿ ೨೦೨೩ರ ಏಪ್ರಿಲ್ ೧೫ರಂದು ಸುಡಾನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟು ಓಡಬೇಕಾಯಿತು. ೨೦೨೪ರ ಆಗಸ್ಟಿನಲ್ಲಿ ದಾರ್‌ಫುರ್ ಪ್ರಾಂತದ ಜಮ್‌ಜಮ್ ಶಿಬಿರದಲ್ಲಿ ಕ್ಷಾಮವೆಂದೇ ಸಾರಲಾಯಿತು. ಸೈಕಲ್ ಸವಾರರು ಸುಡಾನನ್ನು ಬಿಟ್ಟು ಬೇರೆ ಹಾದಿ ಹುಡುಕಿಕೊಂಡರು. ಪಯಣಿಗನಿಗೆ ಬೇರೆ ಹಾದಿ ಉಂಟು. ಆದರೆ ಗುರುತಿಲ್ಲದವನನ್ನು ಕರೆದು ಕಿಸ್ರಾ ಬಡಿಸಿದ ಮನೆಯವರು, ಹರವಿಗೆ ನಸುಕಿನಲ್ಲಿ ನೀರು ತುಂಬಿದವರು, ತಾವೇ ನೀರು ಬೇಡುತ್ತ ಬಿಸಿಲಿನಲ್ಲಿ ನಡೆಯುವಂತಾಯಿತು. ಐವತ್ತು ಡಿಗ್ರಿಯ ಕಾವಿನಲ್ಲಿಯೂ ತಂಪಾಗಿದ್ದ ಹರವಿ ಮನುಷ್ಯನ ಕೈಯ ಬೆಂಕಿಗೆ ಒಡೆಯಿತು.

ದಾವರನ ಛಲವೂ ನೊವಾಕನ ಸಹನೆಯೂ ದೊಡ್ಡವು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಸೀಸೆಗಳನ್ನು ತುಂಬಿದ ಸಾವಿರ ಕೈಗಳ ಹೆಸರನ್ನು ಯಾವ ದಾಖಲೆಯೂ ಬರೆದಿಟ್ಟಿಲ್ಲ. ಬೆಂಗಾಡು ದಾಟಿದ ಕೀರ್ತಿಯಲ್ಲಿ ಅವರಿಗೂ ಅರ್ಧ ಪಾಲು ಸಲ್ಲಬೇಕು.

ಮಾಘ ಬಹುಳದಲ್ಲಿ ಗುರು ಕೊಟ್ಟೂರೇಶ್ವರನ ತೇರಿನ ಸಮಯ ಬಂದಾಗ ದಾವಣಗೆರೆಯಿಂದ, ಹರಪನಹಳ್ಳಿಯಿಂದ, ಹಡಗಲಿಯಿಂದ ಸಾವಿರಾರು ಪಾದಯಾತ್ರಿಗಳು ಕೊಟ್ಟೂರಿಗೆ ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಗರು ನೀರು, ಮಜ್ಜಿಗೆ, ಊಟ ಇಟ್ಟುಕೊಂಡು ಕಾಯುತ್ತಾರೆ. ಜಾತಿ ಕೇಳದೆ, ಊರು ಕೇಳದೆ ಲೋಟ ಮುಂದೆ ಬರುತ್ತದೆ. ತೇರು ಮುಗಿದು ಯಾತ್ರಿಗಳು ಮರಳಿದ ಮೇಲೆ ಬಿಸಿಲು ಏರುತ್ತದೆ. ಬೇವಿನ ಮರದಡಿಯಲ್ಲಿ ಯಾರೋ ಮತ್ತೆ ಹರವಿ ತಂದಿಡುತ್ತಾರೆ. ಹಾಲಿನ ಕ್ಯಾನಿನ ಸೈಕಲ್ ಸವಾರನು ಇಳಿದು ಕುಡಿದು ಹೋಗುತ್ತಾನೆ. ಮರುದಿನ ನಸುಕಿನಲ್ಲಿ ಆ ಹರವಿ ಮತ್ತೆ ತುಂಬಿರುತ್ತದೆ.